ಪ್ರತಿಕ್ರಿಯೆ: ಅಪ್ಪನ ನಿಕಾನ್ ಲೆನ್ಸ್ ಇದೆ, ಸೋನಿಗೆ ಹೋಗಲಾ?

ಅಪ್ಪನ 50 ಎಂಎಂ 1.8ಡಿ, ಒಂದು 70-300 ಇವೆ, ಮದುವೆ ಫೋಟೋದವರೆಲ್ಲ ಸೋನಿ ತಗೋ ಅಂತಾರೆ ಅಂದಿದ್ದೀರಿ. ಬ್ರ್ಯಾಂಡ್ ಹೆಸರು ಪಕ್ಕಕ್ಕಿಟ್ಟು ಮೊದಲು ಲೆನ್ಸ್ ತಿರುಗಿಸಿ ನೋಡಿ. 1.8ಡಿ ಹಿಂಭಾಗದ ಲೋಹದ ಉಂಗುರದಲ್ಲಿ ಸ್ಕ್ರೂಡ್ರೈವರ್ ತುದಿ ಕೂರುವಂಥ ಸಣ್ಣ ಸೀಳು ಇದೆಯಲ್ಲ, ಅದನ್ನು ತಿರುಗಿಸಿ ಫೋಕಸ್ ಮಾಡುವ ಮೋಟಾರ್ ಹಳೇ ಕ್ಯಾಮೆರಾ ಬಾಡಿಯಲ್ಲಿತ್ತು. ಹಳೇ ನಿಕಾನ್ ಲೆನ್ಸನ್ನು ಹೊಸ ಜೆಡ್ ಕ್ಯಾಮೆರಾಗೆ ಜೋಡಿಸುವ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲಿ ಆ ಮೋಟಾರ್ ಇಲ್ಲ. ಹಾಗಾಗಿ ನಿಕಾನ್ ಜೆಡ್ ಕ್ಯಾಮೆರಾ ಕೊಂಡರೂ ಈ ಲೆನ್ಸ್‌ನಲ್ಲಿ ಕೈಯಲ್ಲೇ ಫೋಕಸ್ ಮಾಡಬೇಕು. ಒಳಗೇ ಮೋಟಾರ್ ಇರುವ ಎಎಫ್-ಎಸ್ ಲೆನ್ಸ್ ಆದರೆ ಆ ತೊಂದರೆ ಇಲ್ಲ.

1959ರ ಎಫ್ ಮೌಂಟನ್ನು (ಮೌಂಟ್ ಅಂದರೆ ಬಾಡಿಗೆ ಲೆನ್ಸ್ ಕೂರುವ ಜೋಡಣೆ) ದಶಕಗಟ್ಟಲೆ ಉಳಿಸಿಕೊಂಡಿದ್ದಕ್ಕೇ ನಿಕಾನ್‌ಗೆ ಅಷ್ಟು ಹೆಸರು. ಕ್ಯಾನನ್ 1987ರಲ್ಲಿ ಹಳೇ ಎಫ್‌ಡಿ ಮೌಂಟ್ ಕೈಬಿಟ್ಟು, ಎಲ್ಲ ಇಎಫ್ ಆಟೋಫೋಕಸ್ ಲೆನ್ಸ್‌ಗಳ ಒಳಗೂ ಮೋಟಾರ್ ಇಟ್ಟಿತು. ತಮಾಷೆ ನೋಡಿ, ಅದಕ್ಕೇ ಇವತ್ತು ಹಳೇ ಇಎಫ್ ಲೆನ್ಸ್ ಕ್ಯಾನನ್‌ನ ಹೊಸ ಆರ್‌ಎಫ್ ಮೌಂಟ್ ಬಾಡಿಯಲ್ಲಿ ಅಡಾಪ್ಟರ್ ಹಾಕಿದರೆ ಸಲೀಸಾಗಿ ಫೋಕಸ್ ಆಗುತ್ತೆ. ಇನ್ನು ಸೋನಿ, 2006ರಲ್ಲಿ ಕೊನಿಕಾ ಮಿನೋಲ್ಟಾದಿಂದ ಪಡೆದ ಎ ಮೌಂಟನ್ನು ಆಮೇಲೆ ನಿಲ್ಲಿಸಿಯೇ ಬಿಟ್ಟಿತು.

1.8ಡಿ ಒಂದಕ್ಕೋಸ್ಕರ ನಿಕಾನ್‌ನಲ್ಲೇ ಉಳಿಯಬೇಡಿ. 70-300ರಲ್ಲಿ ಹಲವು ಮಾದರಿ ಇವೆ, ಅದರ ಪೂರ್ತಿ ಹೆಸರು ಇಲ್ಲಿ ಹಾಕಿ, ಆಮೇಲೆ ಹೇಳ್ತೀನಿ.