ಅಜ್ಜನ ಹಳೆ ಜಾವಾದ ತುಕ್ಕನ್ನು ಮನೆಯಲ್ಲೇ ತೆಗೆಯಬಹುದಾ?

ನೀವು ಕೇಳಿದ್ದು ಇದು: ಕಾಸರಗೋಡಿನ ಪೆರ್ಲದ ಮನೆಯ ಅಡಿಕೆ ಕೊಟ್ಟಿಗೆಯಲ್ಲಿ ಅಜ್ಜನ ಜಾವಾ ಬೈಕ್ 15 ವರ್ಷದಿಂದ ನಿಂತಿದೆ. ಹೊಳೆಯುವ ಕ್ರೋಮ್ ಲೇಪವೆಲ್ಲ ತುಕ್ಕು, ಟ್ಯಾಂಕಿನೊಳಗೆ ಕೆಟ್ಟ ವಾಸನೆ. ವರ್ಕ್‌ಶಾಪಿನವರು ಎಲ್ಲ ಬಿಚ್ಚಿ ಹೊಸ ಕ್ರೋಮ್, ಹೊಸ ಪೇಂಟ್ ಮಾಡಿಸಿ ಅಂತಿದ್ದಾರೆ. ಮನೆಯಲ್ಲೇ ಏನಾದರೂ ಮಾಡಬಹುದಾ, ಎಲ್ಲಿಂದ ಶುರು ಮಾಡಲಿ?

ಮಾಡಬಹುದು. ಕ್ರೋಮ್, ಪೇಂಟ್ ಎರಡಕ್ಕೂ ಈಗಲೇ ಹೂಂ ಅನ್ನಬೇಡಿ. ತುಕ್ಕಿನ ಕೆಳಗೆ ಏನು ಉಳಿದಿದೆ ಅಂತ ಯಾರೂ ಇನ್ನೂ ನೋಡಿಲ್ಲ ಅಲ್ವಾ? ಮೊದಲು ಅದನ್ನು ನೋಡಿ. ನನ್ನ ಮನೆ ಕುಂಬಳೆ. ಅಪ್ಪನ 1970ರ ಜಾವಾವನ್ನು ಎರಡು ಬೇಸಿಗೆ ತೆಗೆದುಕೊಂಡು ನಾನೇ ತೊಳೆದು, ಉಜ್ಜಿ ನಿಲ್ಲಿಸಿದ್ದೇನೆ. ಸಮುದ್ರದ ಗಾಳಿ ನಮಗೆ ಇನ್ನೂ ಹತ್ತಿರ, ಹಾಗಾಗಿ ನನ್ನ ಗಾಡಿಯ ತುಕ್ಕು ನಿಮ್ಮದಕ್ಕಿಂತ ಕಡಿಮೆ ಏನೂ ಇರಲಿಲ್ಲ.

ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ತುಕ್ಕು ತೆಗೆದ ಬರಿ ಕಬ್ಬಿಣ ನಮ್ಮೂರಿನ ಜೂನ್ ತಿಂಗಳ ಗಾಳಿಯಲ್ಲಿ ಅರ್ಧ ಗಂಟೆಯೂ ತಡೆಯುವುದಿಲ್ಲ, ಕಣ್ಣೆದುರೇ ಕೆಂಪಾಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಅಡಿಕೆ ಒಣಗಿಸುವ ಅಂಗಳದಲ್ಲೇ ಒಂದು ಮೂಲೆ ಮಾಡಿಕೊಳ್ಳಿ. ಹನ್ನೊಂದು ಗಂಟೆಯ ಬಿಸಿಲಿನಷ್ಟು ಚೆನ್ನಾಗಿ ಒಣಗಿಸುವ ಯಂತ್ರ ಯಾವುದೂ ಇಲ್ಲ.

ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ಒಂದೊಂದು ಜಾಗಕ್ಕೆ ನಾಲ್ಕು ಫೋಟೋ, ಜಾಸ್ತಿ ಆಯ್ತು ಅಂತ ಯಾವತ್ತೂ ಅನಿಸುವುದಿಲ್ಲ. ಬೋಲ್ಟು, ವಾಷರುಗಳಿಗೆ ನಾನು ಅಡಿಕೆ ಹಾಳೆಯ ತಟ್ಟೆ ಇಟ್ಟುಕೊಂಡಿದ್ದೆ. ಒಂದು ಜಾಗದ ಬೋಲ್ಟು ಒಂದು ತಟ್ಟೆಗೆ, ಅಂಚಿನಲ್ಲಿ ಪೆನ್ನಿನಿಂದ ಹೆಸರು. ಬಿಗಿಯಾದ ಬೋಲ್ಟನ್ನು ಒತ್ತಾಯ ಮಾಡಬೇಡಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ದಿನ ಸುಮ್ನೆ ಬಿಡಿ, ನಡುನಡುವೆ ಸುತ್ತಿಗೆಯಿಂದ ಮೆಲ್ಲ ತಟ್ಟಿ, ಮತ್ತೆ ಎಣ್ಣೆ ಬಿಡಿ. ತಲೆ ಮುರಿದರೆ ಆ ಒಂದು ಬೋಲ್ಟಿಗೆ ಇಡೀ ದಿನ ಹೋಗುತ್ತದೆ.

ಮೊದಲು ಎಲ್ಲವನ್ನೂ ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಅಥವಾ ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್‌ನಿಂದ ತೊಳೆಯಿರಿ. ಇದು ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೆ ಸೇರಿಸಿದ ಎಣ್ಣೆ ವರ್ಷಗಟ್ಟಲೆ ಹೊರಗೆ ಉಗುಳಿ, ಅದಕ್ಕೆ ಧೂಳು ಸೇರಿ ಕಪ್ಪು ಮೇಣದ ಹಾಗೆ ಕೂತಿರುತ್ತದೆ. ಅದನ್ನು ಬೈಯಬೇಡಿ. ನನ್ನ ಗಾಡಿಯಲ್ಲಿ ಆ ಮೇಣದ ಕೆಳಗಿದ್ದ ಕಬ್ಬಿಣ ಹೊಸದರ ಹಾಗೆ ಇತ್ತು. ಚೈನ್ ಕವರಿನ ಒಳಬದಿಯ ಕೆಂಪು ಪೇಂಟ್ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಮೈಸೂರಿನ ಕಾರ್ಖಾನೆಯಿಂದ ಹೊರಟ ದಿನ ಇಡೀ ಗಾಡಿ ಈ ಬಣ್ಣ ಇತ್ತು ಅಂತ ಗೊತ್ತಾಗಿದ್ದು ಆಗಲೇ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಆ ಬಣ್ಣವನ್ನು, ಅದರ ಮೇಲಿನ ಚಿನ್ನದ ಗೆರೆಯನ್ನು ಇವತ್ತು ಯಾರು ಎಷ್ಟು ಚೆನ್ನಾಗಿ ಹೊಡೆದರೂ ಅದು ಇವತ್ತಿನ ಪೇಂಟೇ. ಹಳೆಯದು ಮುಕ್ಕಾಲು ಪಾಲು ಉಳಿದಿದ್ದರೆ ಉಳಿಸಿಕೊಳ್ಳಿ ಅನ್ನುವವನು ನಾನು.

ಇನ್ನು ತುಕ್ಕು. ಇಲ್ಲಿ ಒಂದೇ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಗಾಡಿಯಲ್ಲಿ ಇರುವುದು ಒಂದೇ ಲೋಹ ಅಲ್ಲ. ಬರಿ ಕಬ್ಬಿಣ ಇದೆ, ಕ್ರೋಮ್ ಹಾಕಿದ ಕಬ್ಬಿಣ ಇದೆ, ಅಲ್ಯೂಮಿನಿಯಂ ಇದೆ, ಸತುವಿನ ಲೇಪದ ಬೋಲ್ಟುಗಳಿವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಎಲ್ಲವನ್ನೂ ಒಂದೇ ಬಕೆಟಿಗೆ ಹಾಕಬೇಡಿ. ನಾನು ಹಾಕಿದ್ದೆ. ಸೈಲೆನ್ಸರಿನ ಒಳಗಿನ ಬ್ಯಾಫಲ್‌ಗೆ, ಅಂದರೆ ಶಬ್ದ ತಗ್ಗಿಸುವ ಕೊಳವೆಗೆ, ಇಂಗಾಲ ಗಟ್ಟಿ ಹಿಡಿದಿತ್ತು, ಅದಕ್ಕೆ ಕಾಸ್ಟಿಕ್ ಸೋಡಾ ನೀರು ಸರಿಯಾದ ಮದ್ದು. ಅದರ ಜೊತೆಗೇ ಒಂದು ಅಲ್ಯೂಮಿನಿಯಂ ಮುಚ್ಚಳವನ್ನೂ ಹಾಕಿಬಿಟ್ಟೆ. ನೊರೆ ಉಕ್ಕಿತು. ತೆಗೆಯುವಷ್ಟರಲ್ಲಿ ಮುಚ್ಚಳ ಕಪ್ಪಾಗಿ, ಮೈಯೆಲ್ಲ ಸಣ್ಣ ಗುಳಿ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಬೆಂಕಿ ಹಿಡಿಯುವ ಹೈಡ್ರೋಜನ್ ಬಿಡುತ್ತದೆ. ಅಪ್ಪನ ಗಾಡಿಯ ಮೂಲ ಭಾಗ ಅದು, ಇವತ್ತಿಗೂ ಬೇಜಾರಿದೆ. ಬ್ಯಾಫಲ್ ಒಂದನ್ನೇ ಹಾಕಿ. ಪುಡಿಯನ್ನು ನೀರಿಗೆ ಸ್ವಲ್ಪ ಸ್ವಲ್ಪ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಕ್ರೋಮಿಗೆ ಬರುತ್ತೇನೆ, ನಿಮ್ಮ ದೊಡ್ಡ ಚಿಂತೆ ಅದೇ ತಾನೆ. ಹ್ಯಾಂಡಲ್ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಅಂಚು ಸಿಕ್ಕಿ ಸಿಪ್ಪೆ ಏಳುತ್ತಿದ್ದರೆ ಅಲ್ಲಿ ಕ್ರೋಮ್ ಮುಗಿದಿದೆ, ಯಾವ ಉಜ್ಜಾಟವೂ ಅದನ್ನು ತರುವುದಿಲ್ಲ. ಬರೀ ಕಂದು ಚುಕ್ಕೆಗಳಾದರೆ ಬದುಕಿದೆ. ಕ್ರೋಮಿನ ಪದರ ತುಂಬಾ ತೆಳು. ಅದರ ಸಣ್ಣ ರಂಧ್ರಗಳಿಂದ ಒಳಗಿನ ಕಬ್ಬಿಣದ ತುಕ್ಕು ಹೊರಗೆ ಬಂದು ಮೇಲೆ ಹರಡಿಕೊಂಡಿರುತ್ತದೆ. ನೋಡುವವರಿಗೆ ಇಡೀ ಹ್ಯಾಂಡಲ್ ಹೋಯಿತು ಅನಿಸುತ್ತದೆ.

ಅದಕ್ಕೆ ಬೇಕಾದ್ದು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ಒಂದು ತುಂಡನ್ನು ಮುದ್ದೆ ಮಾಡಿ, ಸೋಪಿನ ನೀರಿನಲ್ಲಿ ಅದ್ದಿ, ಮೆಲ್ಲ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗೆ, ಹಾಗಾಗಿ ಗೀರು ಬೀಳುವುದಿಲ್ಲ. ನಾಲ್ಕೈದು ಸಲ ಉಜ್ಜುವಷ್ಟರಲ್ಲಿ ಬೂದು ಬಣ್ಣದ ಕೆಸರು ಬರುತ್ತದೆ. ಒರೆಸಿ ನೋಡಿ, ನಿಮ್ಮ ಮುಖ ಕಾಣುತ್ತದೆ! ಸಣ್ಣ ಚುಕ್ಕೆ ಗುಳಿಗಳು ಉಳಿಯುತ್ತವೆ, ಉಳಿಯಲಿ. ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ. ಬಚ್ಚಲು ತೊಳೆಯುವ ಆಸಿಡ್ ಹತ್ತಿರವೂ ತರಬೇಡಿ, ಅದು ತುಕ್ಕಿನ ಜೊತೆ ಕ್ರೋಮನ್ನೂ ಕರಗಿಸುತ್ತದೆ. ಆಮೇಲೆ ಕಾರಿಗೆ ಹಚ್ಚುವ ವ್ಯಾಕ್ಸ್ ಹಚ್ಚಿ. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚುವ ಅಭ್ಯಾಸ ಇದೆ. ಇದಕ್ಕೆ ಬೇಡ. ಸ್ವಲ್ಪ ದಿನದಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ.

ಜಾವಾದ ಎಡಬದಿಯ ಲಿವರ್ ಗೊತ್ತಲ್ಲ, ಗೇರೂ ಅದೇ, ಕಿಕ್ಕರೂ ಅದೇ. ಒಳಗೆ ಒತ್ತಿ ತಿರುಗಿಸಿದರೆ ಗೇರ್ ಲಿವರ್ ಎದ್ದು ಕಿಕ್ಕರ್ ಆಗುತ್ತದೆ. ಅಪ್ಪನ ಗಾಡಿಯಲ್ಲಿ ಆ ಲಿವರಿನ ತುದಿಯಲ್ಲಿ ಹೆಬ್ಬೆರಳಿನಷ್ಟು ಜಾಗದಲ್ಲಿ ಕ್ರೋಮ್ ತೇದು ಹೋಗಿದೆ. ಕ್ರೋಮಿನ ಕೆಳಗಿನ ನಿಕಲ್ ಪದರ ಕಾಣುತ್ತದೆ. ಕ್ರೋಮಿನ ನೀಲಿ ಹೊಳಪಿನ ನಡುವೆ ಸ್ವಲ್ಪ ಹಳದಿ, ಬೆಚ್ಚಗಿನ ಬಣ್ಣ. ಅಪ್ಪನ ಚಪ್ಪಲಿ ತಾಗಿ ತಾಗಿ ಆದದ್ದು. ಫಾಯಿಲ್ಲಿನಿಂದ ಸುತ್ತ ಉಜ್ಜಿದೆ, ಅಲ್ಲಿಗೆ ಬಂದಾಗ ಬಟ್ಟೆಯಿಂದ ಒರೆಸಿ ಬಿಟ್ಟೆ. ನಿಮ್ಮ ಅಜ್ಜನ ಗಾಡಿಯಲ್ಲೂ ಅಂಥ ಜಾಗ ಇದ್ದೇ ಇರುತ್ತದೆ. ಹೊಸ ಕ್ರೋಮಿಗೆ ಕೊಟ್ಟರೆ ಮೊದಲು ಹೋಗುವುದು ಅದು. ಕ್ರೋಮ್ ಹಾಕುವ ಮೊದಲು ಬಫ್ ಮಾಡಿ ಮೇಲ್ಮೈಯನ್ನು ತೇಯುತ್ತಾರೆ. ಒಂದು ಅಂಗಡಿಗೆ ಇಂಜಿನ್ನಿನ ಅಲ್ಯೂಮಿನಿಯಂ ಕವರನ್ನು ಬರೀ ಪಾಲಿಶ್‌ಗೆ ಕೊಟ್ಟಿದ್ದೆ, ಉಬ್ಬಿದ್ದ ಅಕ್ಷರಗಳ ಅಂಚೆಲ್ಲ ಸವೆದು ವಾಪಸ್ ಬಂತು. ಈಗ ಅಲ್ಯೂಮಿನಿಯಂ ಕೆಲಸ ನಾನೇ ಮಾಡುತ್ತೇನೆ. 400ರ ವಾಟರ್ ಪೇಪರ್ (ನೀರಿನ ಜೊತೆ ಬಳಸುವ ಸ್ಯಾಂಡ್ ಪೇಪರ್, ಸಂಖ್ಯೆ ಹೆಚ್ಚಿದಷ್ಟು ನಯ), ಆಮೇಲೆ 800, ಆಮೇಲೆ 1200, ನೀರು ಹಾಕುತ್ತಾ. ಕೊನೆಗೆ ಮೆಟಲ್ ಪಾಲಿಶ್. ಅಕ್ಷರಗಳ ಸುತ್ತ ಪೇಪರ್ ಬೇಡ, ಹಳೆ ಟೂತ್ ಬ್ರಷ್ ಮತ್ತು ಪಾಲಿಶ್ ಸಾಕು.

ಬರಿ ಕಬ್ಬಿಣದ ಸಣ್ಣ ಭಾಗಗಳಿಗೆ ಹುಳಿಯೇ ಮದ್ದು. ನಿಮ್ಮ ತೋಟದಲ್ಲಿ ಬಿಂಬುಳಿ ಮರ ಇದೆಯಾ? ಮಲಯಾಳದಲ್ಲಿ ಇರುಂಬನ್ ಪುಳಿ ಅಂತಾರೆ, ಹೆಸರು ಕೇಳಿದರೇ ಕಬ್ಬಿಣ ನೆನಪಾಗುತ್ತದೆ. ಅದರಲ್ಲಿ ಆಕ್ಸಾಲಿಕ್ ಆಮ್ಲ ತುಂಬಾ ಇದೆ, ಅದು ತುಕ್ಕನ್ನು ಕರಗಿಸುತ್ತದೆ. ಕಾಯಿ ಜಜ್ಜಿ ಅದರ ರಸದಲ್ಲಿ ಸ್ಟ್ಯಾಂಡಿನ ಪಿನ್ನುಗಳನ್ನು ಒಂದು ರಾತ್ರಿ ಇಟ್ಟೆ, ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕಿದರೆ ಬೂದು ಬಣ್ಣದ ಶುದ್ಧ ಕಬ್ಬಿಣ. ವಿನೆಗರ್ ಆದರೂ ಆಗುತ್ತದೆ. ಯಾವ ಹುಳಿಯಾದರೂ ಕೊನೆಗೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ತಕ್ಷಣ ಬಿಸಿಲಿಗಿಟ್ಟು, ಬಿಸಿ ಇರುವಾಗಲೇ ಎಣ್ಣೆ ಹಚ್ಚಿ. ಸತುವಿನ ಲೇಪದ ಬೋಲ್ಟುಗಳನ್ನು ಹುಳಿಗೆ ಹಾಕಬೇಡಿ, ಲೇಪ ಹೋಗುತ್ತದೆ. ಕ್ರೋಮ್ ಹಾಕಿದ್ದೂ ಬೇಡ.

ದೊಡ್ಡ ಭಾಗಗಳಿಗೆ, ಅಂದರೆ ಸೆಂಟರ್ ಸ್ಟ್ಯಾಂಡ್, ಬ್ರಾಕೆಟ್ ಅಂಥದ್ದಕ್ಕೆ, ಬ್ಯಾಟರಿ ಚಾರ್ಜರ್ ವಿಧಾನ ಮಾಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. 12 ವೋಲ್ಟಿನ ಹಳೆ ಕಾಲದ ಚಾರ್ಜರ್ ಬೇಕು, ಈಗಿನ ಸ್ಮಾರ್ಟ್ ಚಾರ್ಜರುಗಳಲ್ಲಿ ಹೆಚ್ಚಿನವು ಬ್ಯಾಟರಿ ಕಾಣದಿದ್ದರೆ ಕರೆಂಟೇ ಕೊಡುವುದಿಲ್ಲ. ಮೈನಸ್ ತಂತಿ ಗಾಡಿಯ ಭಾಗಕ್ಕೆ, ಪ್ಲಸ್ ತಂತಿ ಒಂದು ಹಳೆ ಕಬ್ಬಿಣದ ಸರಳಿಗೆ. ಎರಡನ್ನೂ ಆ ನೀರಿನಲ್ಲಿ ಮುಳುಗಿಸಿ, ಆದರೆ ಒಂದಕ್ಕೊಂದು ತಾಗಬಾರದು. ಕರೆಂಟೇ ತುಕ್ಕನ್ನು ಬಿಡಿಸುತ್ತದೆ. ಸರಳಿನ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಇಡಬೇಡಿ, ನೀರಿನಲ್ಲಿ ವಿಷದ ಕ್ರೋಮಿಯಂ ಸೇರುತ್ತದೆ. ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಹೈಡ್ರೋಜನ್ ಇಲ್ಲೂ ಬರುವುದರಿಂದ ಬಯಲಿನಲ್ಲೇ ಮಾಡಿ, ತಂತಿ ಮುಟ್ಟುವ ಮೊದಲು ಸ್ವಿಚ್ ಆರಿಸಿ. ಸ್ಪ್ರಿಂಗ್‌ಗಳನ್ನು ಇದಕ್ಕೂ ಹಾಕಬೇಡಿ, ಹುಳಿಗೂ ಹಾಕಬೇಡಿ. ಪೆಡಸಾಗಿ ಮುರಿಯಬಹುದು.

ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಊದಬೇಡಿ. ಆ ಕಾಲದ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಇಂಜಿನ್ ಒಳಗೆ ಜಾಮ್ ಆಗಿ ಹಿಡಿದಿದ್ದರೆ ಕಿಕ್ಕರ್ ಮೇಲೆ ನಿಂತು ಒತ್ತಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಟೂಟಿ ಎಣ್ಣೆ (2T, ಟೂ ಸ್ಟ್ರೋಕ್ ಇಂಜಿನ್ನಿನ ಎಣ್ಣೆ) ಮತ್ತು ಡೀಸೆಲ್ ಬಿಟ್ಟು ಒಂದು ವಾರ ಕಾಯಿರಿ. ಒಳಗಿನ ರಬ್ಬರ್ ಸೀಲುಗಳು 15 ವರ್ಷದಲ್ಲಿ ಒಣಗಿರುತ್ತವೆ, ಆ ಕೆಲಸವನ್ನು ಹಳೆ ಜಾವಾ ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ.

ನೀವು ಹೇಳಿದ ವಾಸನೆ ಹಳೆ ಪೆಟ್ರೋಲ್ ಕೊಳೆತದ್ದು. ಟ್ಯಾಂಕ್ ಖಾಲಿ ಮಾಡಿ, ಸೋಪಿನ ನೀರಿನಲ್ಲಿ ನಾಲ್ಕೈದು ಸಲ ತೊಳೆಯಿರಿ. ಹತ್ತಿರ ಬೆಂಕಿ, ಬೀಡಿ, ಹೇರ್ ಡ್ರೈಯರ್ ಯಾವುದೂ ಬೇಡ, ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಆಮೇಲೆ ಒಂದು ತುಂಡು ಹಳೆ ಚೈನ್ ಒಳಗೆ ಬಿಟ್ಟು ಅಲ್ಲಾಡಿಸಿದರೆ ಸಡಿಲ ತುಕ್ಕು ಉದುರುತ್ತದೆ. ಚೈನಿಗೆ ತಂತಿ ಕಟ್ಟಿ ಬಿಡಿ, ಇಲ್ಲದಿದ್ದರೆ ಹೊರಗೆ ತೆಗೆಯುವುದು ಕಷ್ಟ. ನಂತರ ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಬಾಯಿವರೆಗೆ ತುಂಬಿಸಿ, ಒಂದು ದಿನ ಇಡಿ. ಹೊರಗಿನ ಪೇಂಟಿಗೆ ಚೆಲ್ಲದ ಹಾಗೆ ಬಟ್ಟೆ ಸುತ್ತಿ. ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಟೂಟಿ ಎಣ್ಣೆ ಸ್ವಲ್ಪ ಹಾಕಿ ಎಲ್ಲ ಕಡೆ ತಿರುಗಿಸಿ. ಮುಂದೆ ಟ್ಯಾಂಕನ್ನು ಅರ್ಧ ಇಟ್ಟು ಗಾಡಿ ನಿಲ್ಲಿಸಬೇಡಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಆದರೆ ಇದೆಲ್ಲದಕ್ಕೂ ಮೊದಲು, ನಾಳೆ ಬೆಳಿಗ್ಗೆ, ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿ. ಕಂದು ಪುಡಿ ಇದೆಯಾ, ಚಕ್ಕೆ ಎದ್ದಿದೆಯಾ, ಎಲ್ಲಾದರೂ ಬೆಳಕು ಆ ಕಡೆ ಕಾಣುತ್ತಾ? ತೂತಿದ್ದರೆ ಸಿಟ್ರಿಕ್ ಆಸಿಡ್ ಹಾಕುವ ಮೊದಲು ಬೇರೆ ಕೆಲಸ ಇದೆ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ಅಲ್ಲಿಂದ ಮುಂದೆ ಹೇಳುತ್ತೇನೆ.