ಲೈಂಗಿಕ ಸೋಂಕುಗಳ ಸಂಶೋಧನೆಗೆ ಜನ ಸಿಗುವುದು ಯಾಕೆ ಇಷ್ಟು ಕಷ್ಟ?

ನಾಚಿಕೆಯೇ ಕಾರಣ ಅಂತ ತುಂಬಾ ಜನ ಹೇಳುತ್ತಾರೆ. ಅದೂ ನಿಜ. ಆದರೆ ಸೋಂಕು ಇರುವವರಿಗೇ ಅದು ಗೊತ್ತಿರುವುದಿಲ್ಲ, ಅಸಲಿ ತೊಡಕು ಅದು. ಕ್ಲಮೈಡಿಯಾ ಅನ್ನುವ ಲೈಂಗಿಕ ಸೋಂಕು ತಗಲಿದ ಹೆಚ್ಚಿನ ಹೆಂಗಸರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. 'ಉರಿ, ನೋವು ಇದ್ದವರು ಬನ್ನಿ' ಅಂತ ಪೋಸ್ಟರ್ ಅಂಟಿಸಿದರೆ ಇವರೆಲ್ಲ ತಪ್ಪಿಹೋಗುತ್ತಾರೆ, ಅಲ್ವಾ? ಬೇರೆ ಕಾರಣಕ್ಕೆ ಕ್ಲಿನಿಕ್‌ಗೆ ಬಂದವರನ್ನೂ ಕೇಳಬೇಕಾಗುತ್ತದೆ.

ಹೇಗೆ ಕೇಳುತ್ತೀರಿ ಅನ್ನುವುದು ಮುಖ್ಯ. ಬೆಂಚಿನ ಮೇಲೆ ಹತ್ತು ಜನ ಕೂತಿರುವಾಗ ಹೆಸರು ಕೂಗಿ 'ಸಿಫಿಲಿಸ್ ಅಧ್ಯಯನಕ್ಕೆ ಸೇರುತ್ತೀರಾ?' ಅಂದರೆ ಆ ಮನುಷ್ಯ ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಮಾತಾಡಿ. ಫೋನ್ ಮಾಡಬಹುದಾ, ಮನೆಯವರು ಎತ್ತಿದರೆ ಏನು ಹೇಳಬೇಕು, ಮೊದಲೇ ಕೇಳಿ ಬರೆದುಕೊಳ್ಳಿ.

ಜನರ ಅಪನಂಬಿಕೆಗೂ ಗಟ್ಟಿ ಕಾರಣವಿದೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಗಂಡಸರಿಗೆ ಸಂಶೋಧಕರು ಕಾಯಿಲೆ ಏನೆಂದು ಹೇಳಲೇ ಇಲ್ಲ. ಅದನ್ನು ವಾಸಿ ಮಾಡುವ ಪೆನಿಸಿಲಿನ್ ಔಷಧಿ ಬಂದ ಮೇಲೂ ಕೊಡಲಿಲ್ಲ. ಸುಮ್ನೆ ನೋಡುತ್ತಾ ಕೂತರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಾಗಿ 'ನೀವು ಬೇಡ ಅಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ' ಅನ್ನುವ ಸಾಲು ಒಪ್ಪಿಗೆ ಪತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದರೆ ಸಾಲದು. ಮುಖ ನೋಡಿ, ಬಾಯಿಬಿಟ್ಟು ಹೇಳಬೇಕು. ಬಸ್ ಖರ್ಚು, ಹೋದ ಸಮಯಕ್ಕೆ ಹಣ ಕೊಡುವುದು ಸರಿ. ಹಣದಾಸೆಗೇ ಒಪ್ಪಿಬಿಡುವಷ್ಟು ಜಾಸ್ತಿ ಬೇಡ. ಕೆಲವು ಸೋಂಕುಗಳನ್ನು ಆರೋಗ್ಯ ಇಲಾಖೆಗೆ ತಿಳಿಸಲೇಬೇಕು ಅನ್ನುವ ಕಾನೂನು ಹಲವು ಕಡೆ ಇದೆ. ಅದನ್ನು ಸಹಿಗೆ ಮುಂಚೆಯೇ ಹೇಳಿಬಿಡಿ.