ಕಿಡ್ನಿ ಕಸಿಯ ನಂತರದ ಜ್ವರ: ಯಾವ ಪರೀಕ್ಷೆ, ಯಾವಾಗ, ಏಕೆ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಕಿಡ್ನಿ ಕಸಿ ರೋಗಿಗಳ ಮನೆಯವರಿಂದ ಬಂದಿವೆ. ಕಸಿಯನ್ನು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಮಾಡಿಸಿಕೊಂಡು ಊರಿಗೆ ಮರಳಿದವರಿಗೆ ಜ್ವರ ಬಂದಾಗ ಮೊದಲು ಸಿಗುವುದು ಊರಿನ ಲ್ಯಾಬ್. ಅಲ್ಲಿ ಯಾವ ಪರೀಕ್ಷೆ ಮಾಡಿಸಬೇಕೆಂಬ ಗೊಂದಲವೇ ಎಲ್ಲ ಪತ್ರಗಳಲ್ಲೂ ಇರುವುದರಿಂದ ಅವನ್ನು ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮ ಮನೆಯವರಿಗೆ ಅವರ ತಾಯಿಯ ಕಿಡ್ನಿ ಹಾಕಿಸಿ ಐದು ತಿಂಗಳಾಯಿತು. ಮೂರು ತಿಂಗಳಿಗೆ ವಾಲ್‌ಗ್ಯಾನ್‌ಸಿಕ್ಲೋವಿರ್ ಗುಳಿಗೆ ನಿಲ್ಲಿಸಿದರು. ಈಗ ಹತ್ತು ದಿನದಿಂದ ಸಣ್ಣ ಜ್ವರ, ವಿಪರೀತ ಸುಸ್ತು. ಬಿಳಿ ರಕ್ತಕಣ 2,400ಕ್ಕೆ ಇಳಿದಿವೆ. ಸಿಎಂವಿ ಪರೀಕ್ಷೆಯಲ್ಲಿ ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್ ಬಂದಿದೆ. ‘ಇದು ಹಳೆಯದು, ಈಗ ಸೋಂಕಿಲ್ಲ’ ಎಂದು ಹೇಳಿದ್ದಾರೆ. ನಂಬಬಹುದೇ?
— ಓದುಗರೊಬ್ಬರು, ಆಳಂದ ತಾಲ್ಲೂಕು

ಉತ್ತರ: ತಾಯಿ, ಆ ಮಾತನ್ನು ನಂಬಿ ಮನೆಯಲ್ಲಿ ಕುಳಿತುಕೊಳ್ಳಬೇಡಿ. ಈ ಪತ್ರಿಕೆ ಕೈಗೆ ಬಂದ ದಿನವೇ ಕಸಿ ಮಾಡಿದ ಕೇಂದ್ರಕ್ಕೆ ಫೋನ್ ಮಾಡಿ ಜ್ವರವನ್ನೂ ಬಿಳಿ ರಕ್ತಕಣದ ಸಂಖ್ಯೆಯನ್ನೂ ತಿಳಿಸಿರಿ.

ನಿಮಗೆ ಹೇಳಿದ್ದು ಆರೋಗ್ಯವಂತರ ಮಟ್ಟಿಗೆ ಬಹುಪಾಲು ಸರಿಯಾದ ಮಾತು, ಕಸಿಯಾದವರಿಗೆ ಅದು ಹೊಂದುವುದಿಲ್ಲ. ಮನುಷ್ಯರನ್ನು ಕಾಡುವ ಹರ್ಪಿಸ್ ಕುಟುಂಬದಲ್ಲಿ ಒಂಬತ್ತು ಬಗೆಯ ವೈರಸ್‌ಗಳಿವೆ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವುದು, ಸರ್ಪಸುತ್ತು ತರುವುದು, ನೀವು ಪರೀಕ್ಷೆ ಮಾಡಿಸಿದ ಸಿಎಂವಿ ಅಂದರೆ ಸೈಟೊಮೆಗಾಲೊ ವೈರಸ್, ಎಲ್ಲವೂ ಅದೇ ಕುಟುಂಬದವು. ಇವು ಒಮ್ಮೆ ಒಳಹೊಕ್ಕರೆ ಮತ್ತೆ ಹೊರಗೆ ಹೋಗುವುದಿಲ್ಲ. ಜೀವಮಾನವಿಡೀ ದೇಹದಲ್ಲಿ ಮಲಗಿರುತ್ತವೆ. ನಮ್ಮ ದೇಶದಲ್ಲಿ ವಯಸ್ಕರ ಪೈಕಿ ಬಹುತೇಕ ಎಲ್ಲರಿಗೂ ಚಿಕ್ಕಂದಿನಲ್ಲೇ ಸಿಎಂವಿ ಬಂದು, ಬಂದದ್ದೂ ತಿಳಿಯದಂತೆ ಮಲಗಿಬಿಟ್ಟಿರುತ್ತದೆ. ಐಜಿಜಿ, ಐಜಿಎಂ ಎರಡೂ ವೈರಸ್ಸಿನ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯಗಳು. ಆದ್ದರಿಂದ ಐಜಿಜಿ ಪಾಸಿಟಿವ್ ಎಂಬುದು ವೈರಸ್ ಎಂದೋ ಒಳಹೊಕ್ಕಿತ್ತು ಎಂದಷ್ಟೇ ಹೇಳುತ್ತದೆ, ಅದು ಇಂದು ಎದ್ದಿದೆಯೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಇನ್ನು ಹೊಸ ಸೋಂಕಿನಲ್ಲಿ ಮೊದಲು ಏಳುವ ಐಜಿಎಂ ಪ್ರತಿಕಾಯವನ್ನು ಹುಟ್ಟಿಸಬೇಕಾದದ್ದು ರೋಗನಿರೋಧಕ ಶಕ್ತಿ. ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಆ ಶಕ್ತಿಯನ್ನೇ ನಾವು ಔಷಧ ಕೊಟ್ಟು ತಗ್ಗಿಸಿರುವಾಗ ಐಜಿಎಂ ತಡವಾಗಿ ಏಳಬಹುದು, ಏಳದೆಯೂ ಇರಬಹುದು. ಹೀಗಾಗಿ ಅದು ನೆಗೆಟಿವ್ ಬಂದಿದೆ ಎಂಬ ಕಾರಣಕ್ಕೆ ಸೋಂಕಿಲ್ಲ ಎನ್ನಲಾಗದು.

ನಿಮ್ಮ ಯಜಮಾನರಿಗೆ ಬೇಕಾದದ್ದು ರಕ್ತದಲ್ಲಿ ವೈರಸ್ಸಿನ ಡಿಎನ್ಎ ಎಷ್ಟಿದೆ ಎಂದು ಎಣಿಸುವ ಪಿಸಿಆರ್ ಪರೀಕ್ಷೆ. ಚೀಟಿಯಲ್ಲಿ ‘ಸಿಎಂವಿ ಪಿಸಿಆರ್, ಕ್ವಾಂಟಿಟೇಟಿವ್’ ಎಂದು ಬರೆದಿರಬೇಕು. ಬರೀ ‘ಇದೆ’ ಅಥವಾ ‘ಇಲ್ಲ’ ಎಂದು ಹೇಳುವ ಪಿಸಿಆರ್ ಸಾಲದು, ಏಕೆಂದರೆ ಮುಂದೆ ಔಷಧ ಹತ್ತುತ್ತಿದೆಯೇ ಎಂದು ಅಳೆಯಲು ಈ ಮೊದಲ ಸಂಖ್ಯೆಯೇ ಆಧಾರವಾಗುತ್ತದೆ. ನೀವು ಬರೆದ ಕಾಲವೂ ನನ್ನ ಅನುಮಾನವನ್ನು ಬಲಪಡಿಸುತ್ತದೆ: ದೇಹದಲ್ಲಿ ವೈರಸ್ ಮೊದಲೇ ಇದ್ದವರಿಗೆ ಮೂರು ತಿಂಗಳು, ದಾನಿಗೆ ವೈರಸ್ ಇದ್ದು ಪಡೆದವರಿಗೆ ಇಲ್ಲದಿದ್ದರೆ ಆರು ತಿಂಗಳು ಸಿಎಂವಿ ಏಳದಂತೆ ತಡೆಗುಳಿಗೆ (ನಿಮ್ಮಲ್ಲಿ ವಾಲ್‌ಗ್ಯಾನ್‌ಸಿಕ್ಲೋವಿರ್) ಕೊಡುವುದು ರೂಢಿ. ಆ ಗುಳಿಗೆ ನಿಂತ ಮೇಲಿನ ಕೆಲವು ತಿಂಗಳಲ್ಲೇ ಸಿಎಂವಿ ತಲೆ ಎತ್ತುವುದು ಹೆಚ್ಚು.

ಹಾಗೆಂದು ಸಿಎಂವಿಯೇ ಎಂದು ಈಗಲೇ ತೀರ್ಮಾನಿಸುವಂತಿಲ್ಲ. ಬಿಳಿ ರಕ್ತಕಣಗಳು ಕಿಡ್ನಿಯ ತಿರಸ್ಕಾರ ತಡೆಯುವ ಮೈಕೊಫಿನೊಲೇಟ್‌ನಿಂದಲೂ ಸೋಂಕು ತಡೆಯಲು ಕೊಡುವ ಕೋಟ್ರೈಮಾಕ್ಸಜೋಲ್‌ನಿಂದಲೂ ಇಳಿಯುತ್ತವೆ, ಡೆಂಗಿಯಲ್ಲೂ ಇಳಿಯುತ್ತವೆ. ಕ್ಷಯ ಮತ್ತು ಮಲೇರಿಯಾವನ್ನೂ ನೋಡಲೇಬೇಕು. ನನ್ನ ಕಳಕಳಿಯ ಬಿನ್ನಹವೆಂದರೆ, ವಿಡಾಲ್ ಪರೀಕ್ಷೆ ಸ್ವಲ್ಪ ಪಾಸಿಟಿವ್ ಬಂತೆಂದು ಟೈಫಾಯ್ಡ್ ಎಂದು ತಿಳಿದು ವಾರಗಟ್ಟಲೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಅನುಮಾನವಿದ್ದರೆ ಬ್ಲಡ್ ಕಲ್ಚರ್ ಮಾಡಿಸಿರಿ. ಮನೆಯಲ್ಲಿ ಉಳಿದಿರುವ ವಾಲ್‌ಗ್ಯಾನ್‌ಸಿಕ್ಲೋವಿರ್ ಗುಳಿಗೆಯನ್ನು ನೀವಾಗಿಯೇ ಶುರು ಮಾಡಲೂಬೇಡಿ. ಅದರ ಪ್ರಮಾಣವನ್ನು ಕಿಡ್ನಿಯ ಕೆಲಸ ನೋಡಿ ನಿರ್ಧರಿಸಬೇಕು, ಚಿಕಿತ್ಸೆಗೆ ಬೇಕಾದ ಪ್ರಮಾಣ ತಡೆಗುಳಿಗೆಯ ಎರಡರಷ್ಟಿರುತ್ತದೆ, ಮತ್ತು ಅರೆಬರೆ ಪ್ರಮಾಣದಲ್ಲಿ ನುಂಗಿದರೆ ವೈರಸ್ ಆ ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಕಸಿಯ ನಂತರ ಸಿಎಂವಿ ಬಂದು ಚಿಕಿತ್ಸೆ ನಡೆದಿದೆ. ಮೊದಲ ಲ್ಯಾಬಿನಲ್ಲಿ ಪಿಸಿಆರ್ ಸಂಖ್ಯೆ 1,800 ಇತ್ತು. ಐದು ದಿನಗಳ ಮೇಲೆ ಬೇರೆ ಲ್ಯಾಬಿನಲ್ಲಿ 4,600 ಬಂದಿದೆ. ಔಷಧ ಕೆಲಸ ಮಾಡುತ್ತಿಲ್ಲವೇ?
— ಬಸವಕಲ್ಯಾಣ

ಉತ್ತರ: ಎರಡು ಲ್ಯಾಬಿನ ಸಂಖ್ಯೆಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ. ನೀವು ಕಳಿಸಿದ ವರದಿಗಳಲ್ಲಿ ಒಂದು ಪ್ಲಾಸ್ಮಾದ್ದು, ಅಂದರೆ ಕಣಗಳನ್ನು ಬೇರ್ಪಡಿಸಿದ ದ್ರವಭಾಗದ್ದು, ಇನ್ನೊಂದು ಇಡೀ ರಕ್ತದ್ದು. ಇಡೀ ರಕ್ತದಲ್ಲಿ ಕಣಗಳೊಳಗೆ ಸೇರಿಕೊಂಡ ವೈರಸ್ಸೂ ಲೆಕ್ಕಕ್ಕೆ ಬರುವುದರಿಂದ ಸಂಖ್ಯೆ ಸಹಜವಾಗಿ ಹೆಚ್ಚು ಕಾಣುತ್ತದೆ. ಎಲ್ಲೆಡೆ ಒಂದೇ ಅಳತೆ ಇರಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಸಿಎಂವಿಗೆ ಅಂತರರಾಷ್ಟ್ರೀಯ ಮಾನಕವೊಂದನ್ನು ಗೊತ್ತುಪಡಿಸಿದ ಮೇಲೆ ವ್ಯತ್ಯಾಸ ತಗ್ಗಿದ್ದರೂ ಪೂರ್ತಿ ಹೋಗಿಲ್ಲ. ಒಂದೇ ಲ್ಯಾಬಿನಲ್ಲಿ ಮಾಡಿಸಿದಾಗಲೂ ಸಂಖ್ಯೆ ಸುಮಾರು ಮೂರು ಪಟ್ಟಿಗಿಂತ ಹೆಚ್ಚು ಏರಿದರೆ ಅಥವಾ ಇಳಿದರೆ ಮಾತ್ರ ಅದನ್ನು ನಿಜವಾದ ಬದಲಾವಣೆ ಎಂದು ಎಣಿಸುತ್ತೇವೆ. 1,800ರಿಂದ 4,600 ಎಂದರೆ ಮೂರು ಪಟ್ಟೂ ಆಗಲಿಲ್ಲ. ಜೊತೆಗೆ, ಚಿಕಿತ್ಸೆಯ ಮೊದಲ ವಾರದಲ್ಲಿ ಸಂಖ್ಯೆ ಇಳಿಯದಿರುವುದೂ ಉಂಟು. ಒಂದೇ ಲ್ಯಾಬ್, ಒಂದೇ ಬಗೆಯ ಮಾದರಿ, ವಾರಕ್ಕೊಮ್ಮೆ: ಇಷ್ಟನ್ನು ಬಿಡದೆ ಪಾಲಿಸಿರಿ. ಸರಿಯಾದ ಪ್ರಮಾಣದಲ್ಲಿ ಎರಡು ವಾರ ಔಷಧ ಕೊಟ್ಟ ಮೇಲೂ ಸಂಖ್ಯೆ ಜಗ್ಗದಿದ್ದರೆ ಆಗ ವೈರಸ್ಸಿನ ಯುಎಲ್97, ಯುಎಲ್54 ಎಂಬ ಎರಡು ಜೀನ್‌ಗಳನ್ನು ಪರೀಕ್ಷಿಸಿ, ಅದು ಔಷಧಕ್ಕೆ ಬಗ್ಗದಂತಾಗಿದೆಯೇ ಎಂದು ನೋಡಲಾಗುತ್ತದೆ.

ಮಾದರಿ ಸಾಗಿಸುವ ಬಗ್ಗೆಯೂ ಒಂದು ಮಾತು ಹೇಳಬೇಕು. ಹಿಂದೊಂದು ಏಪ್ರಿಲ್‌ನಲ್ಲಿ ಯಾದಗಿರಿ ಕಡೆಯ ಯುವಕನೊಬ್ಬ ತನ್ನ ಅಣ್ಣನ ರಕ್ತದ ಟ್ಯೂಬನ್ನು ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಬಂದಿದ್ದ. ನೇರಳೆ ಮುಚ್ಚಳದ ಆ ಟ್ಯೂಬಿನ ಮೇಲೆ ಬರೆದಿದ್ದ ಹೆಸರು ಬೆವರಿಗೆ ಅರ್ಧ ಅಳಿಸಿತ್ತು. ಮೇಲ್ಭಾಗದಲ್ಲಿ ತಿಳಿಹಳದಿಯಾಗಿ ನಿಲ್ಲಬೇಕಾಗಿದ್ದ ಪ್ಲಾಸ್ಮಾ, ಕೆಂಪುಕಣಗಳು ಒಡೆದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಆ ಮಾದರಿಯನ್ನು ಬಿಸಾಡಿ, ಅಣ್ಣನನ್ನೇ ಕರೆಸಿ ಮತ್ತೆ ರಕ್ತ ತೆಗೆಯಬೇಕಾಯಿತು. ತಪ್ಪು ಆ ಹುಡುಗನದಲ್ಲ, ಹಾಗೇ ಕೈಗೆ ಕೊಟ್ಟು ಕಳಿಸಿದವರದು. ನಮ್ಮ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಟ್ಯೂಬು ತಣ್ಣನೆಯ ಪೆಟ್ಟಿಗೆಯಲ್ಲಿ, ಆದರೆ ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಹೋಗಬೇಕು, ಅದೇ ದಿನ ಲ್ಯಾಬ್ ಸೇರಬೇಕು. ರಕ್ತ ಕೊಡುವಾಗಲೇ ‘ಪ್ಲಾಸ್ಮಾ ಎಷ್ಟು ಹೊತ್ತಿಗೆ ಬೇರ್ಪಡಿಸುತ್ತೀರಿ?’ ಎಂದು ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ನನಗೆ ಮೂರು ವಾರದಿಂದ ಭೇದಿ. ಜೋಳದ ರೊಟ್ಟಿ ಬಿಟ್ಟು ಮಜ್ಜಿಗೆ ಅನ್ನದಲ್ಲೇ ಇದ್ದೇನೆ, ಆದರೂ ನಿಂತಿಲ್ಲ. ರಕ್ತದ ಸಿಎಂವಿ ಪಿಸಿಆರ್ ನೆಗೆಟಿವ್ ಬಂದಿದೆ. ಆದರೂ ಡಾಕ್ಟರು ಕೊಲೊನೊಸ್ಕೋಪಿ ಬೇಕೆನ್ನುತ್ತಾರೆ. ಅಗತ್ಯವೇ? (ಕಸಿಯಾಗಿ ಒಂಬತ್ತು ತಿಂಗಳು.)
— ಸುರಪುರ

ಉತ್ತರ: ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ, ಧೈರ್ಯವಾಗಿ ಮಾಡಿಸಿಕೊಳ್ಳಿರಿ. ಸಿಎಂವಿ ಕರುಳಿನಲ್ಲಿ ಹುಣ್ಣು ಮಾಡಿಕೊಂಡು ಕುಳಿತಿರುವಾಗಲೂ ರಕ್ತದಲ್ಲಿ ಕಾಣಿಸದೆ ಇರುವುದುಂಟು. ಕಣ್ಣಿನ ಪರದೆಗೆ ತಗುಲಿದಾಗಲೂ ಹಾಗೆಯೇ. ಅಲ್ಲಿ ಪಾಪೆ ಹಿಗ್ಗಿಸಿ ಕಣ್ಣಿನ ತಜ್ಞರು ನೋಡಿದರೇ ತಿಳಿಯುವುದು. ಕೊಲೊನೊಸ್ಕೋಪಿಯ ಕೊಳವೆಯಲ್ಲಿ ಕರುಳಿನ ಒಳಗನ್ನು ನೋಡಿ ತೆಗೆದ ಅಕ್ಕಿಕಾಳಿನಷ್ಟು ಚೂರನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಸೋಂಕಿದ ಜೀವಕೋಶ ಅಕ್ಕಪಕ್ಕದವಕ್ಕಿಂತ ಬಹಳ ದೊಡ್ಡದಾಗಿ ಊದಿಕೊಂಡಿರುತ್ತದೆ. ಅದರ ನಡುವೆ ಕಪ್ಪಗಿನ ಗುಂಡು, ಸುತ್ತಲೂ ಬಿಳಿಯ ಬಳೆ, ನೇರವಾಗಿ ನಮ್ಮನ್ನೇ ದಿಟ್ಟಿಸುವ ಗೂಬೆಯ ಕಣ್ಣಿನಂತೆ. ಅದು ಕಾಣದಿದ್ದರೂ ವೈರಸ್ಸಿನ ಪ್ರೋಟೀನನ್ನು ಹಿಡಿಯುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಬಣ್ಣದ ಪರೀಕ್ಷೆಯನ್ನು ಅದೇ ಚೂರಿನ ಮೇಲೆ ಮಾಡಿಸಬೇಕು.

ನಿಮ್ಮ ಭೇದಿಗೆ ಮೈಕೊಫಿನೊಲೇಟ್ ಗುಳಿಗೆಯೇ ಕಾರಣವಾಗಿರಲೂ ಸಾಧ್ಯ, ಅದು ಬಹಳ ಸಾಮಾನ್ಯ. ಆದರೆ ಪರೀಕ್ಷಿಸದೆ ಹಾಗೆಂದುಕೊಂಡು ಗುಳಿಗೆ ನಿಲ್ಲಿಸಿದರೆ ಕಿಡ್ನಿ ತಿರಸ್ಕಾರವಾಗಬಹುದು, ಸಿಎಂವಿ ಇದ್ದರೆ ಅದು ಹಾಗೆಯೇ ಉಳಿಯುತ್ತದೆ. ಭೇದಿ ಇರುವಷ್ಟು ದಿನ, ತಿರಸ್ಕಾರ ತಡೆಯುವ ಇನ್ನೊಂದು ಔಷಧವಾದ ಟ್ಯಾಕ್ರೊಲಿಮಸ್ ಮಟ್ಟವನ್ನೂ ನೋಡಿಸುತ್ತಿರಿ. ಕರುಳು ಕೆಟ್ಟಾಗ ಅದು ರಕ್ತದಲ್ಲಿ ಏರುತ್ತದೆ, ಏರಿದರೆ ಕಿಡ್ನಿಯ ಕೆಲಸ ಅಳೆಯುವ ಕ್ರಿಯಾಟಿನಿನ್ ಕೂಡ ಮೇಲೇರುತ್ತದೆ.

ಪ್ರಶ್ನೆ: ಮಗನಿಗೆ ಕಿಡ್ನಿ ಕೊಡಬೇಕೆಂದಿದ್ದೇನೆ. ನನಗೆ ಸಿಎಂವಿ ಐಜಿಜಿ ಪಾಸಿಟಿವ್ ಇದೆ. ಕೊಡಬಹುದೇ?
— ತಾಯಿಯೊಬ್ಬರು, ಸೇಡಂ

ಉತ್ತರ: ಅಮ್ಮಾ, ಅದೊಂದೇ ಕಾರಣಕ್ಕೆ ನಿಮ್ಮ ದಾನವನ್ನು ಯಾರೂ ತಡೆಯುವುದಿಲ್ಲ. ಪ್ರತಿಕಾಯ ಪರೀಕ್ಷೆಗೆ ನಿಜವಾದ ಬೆಲೆ ಇರುವುದು ಕಸಿಗೆ ಮುಂಚಿನ ಈ ಹೊತ್ತಿನಲ್ಲೇ; ನಿಮ್ಮದು ಮತ್ತು ಮಗನದು ಎರಡನ್ನೂ ನೋಡಿ ತಡೆಗುಳಿಗೆ ಎಷ್ಟು ತಿಂಗಳು ಎಂದು ನಿರ್ಧರಿಸುತ್ತಾರೆ. ಡಯಾಲಿಸಿಸ್ ಕಾಲದಲ್ಲಿ ಮಗನಿಗೆ ಇತ್ತೀಚೆಗೆ ರಕ್ತ ಕೊಟ್ಟಿದ್ದರೆ ಅದನ್ನು ತಪ್ಪದೆ ತಿಳಿಸಿರಿ, ಏಕೆಂದರೆ ಬೇರೆಯವರ ರಕ್ತದೊಂದಿಗೆ ಬಂದ ಪ್ರತಿಕಾಯ ಅವನದೇ ಎಂಬಂತೆ ವರದಿಯಲ್ಲಿ ಪಾಸಿಟಿವ್ ತೋರಿಸಬಹುದು.

ಪ್ರಶ್ನೆ: ನಮ್ಮ ಕಾಕಾ ಅವರಿಗೆ ಕಸಿಯಾಗಿ ಎರಡು ವರ್ಷ. ಎದೆಯ ಒಂದು ಬದಿಗೆ ಸರ್ಪಸುತ್ತು ಎದ್ದಿದೆ. ಹಿರಿಯರು ಕೆಮ್ಮಣ್ಣು ಹಚ್ಚಿಸಿದ್ದಾರೆ. ಇದಕ್ಕೂ ರಕ್ತಪರೀಕ್ಷೆ ಬೇಕೇ?
— ಹುಮನಾಬಾದ್

ಉತ್ತರ: ಒಂದೇ ಬದಿಗೆ ಪಟ್ಟಿಯಂತೆ ಎದ್ದ ಗುಳ್ಳೆ ಮತ್ತು ಉರಿಯನ್ನು ಅನುಭವಿ ವೈದ್ಯರು ಕಣ್ಣಿನಿಂದಲೇ ಗುರುತಿಸುತ್ತಾರೆ, ರಕ್ತಪರೀಕ್ಷೆಗೆ ಕಾಯಬೇಕಿಲ್ಲ. ಅನುಮಾನವಿದ್ದರೆ ಹೊಸ ಗುಳ್ಳೆಯ ಬುಡದಿಂದ ಒರೆಸಿ ತೆಗೆದ ದ್ರವವನ್ನು ಪಿಸಿಆರ್‌ಗೆ ಕಳಿಸುತ್ತಾರೆ. ಕೆಮ್ಮಣ್ಣನ್ನು ಮೆಲ್ಲಗೆ ತೊಳೆಯಿರಿ. ಅದರಡಿ ಹೊಸ ಗುಳ್ಳೆ ಏಳುತ್ತಿದೆಯೇ, ಕೀವಾಗಿದೆಯೇ ಎಂಬುದು ಕಾಣುವುದಿಲ್ಲ, ಮತ್ತು ಕಸಿಯಾದವರಲ್ಲಿ ನೋಡಲೇಬೇಕಾದದ್ದು ಅದೇ. ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧ ಶುರುವಾದರೆ ಒಳ್ಳೆಯದು. ಆ ಅವಧಿ ಮೀರಿದ್ದರೂ ಕಾಕಾ ಅವರಂಥವರಿಗೆ ಕೊಡಲೇಬೇಕು. ಗುಳ್ಳೆಗಳು ಮೈಮೇಲೆ ಬೇರೆಡೆಯೂ ಎದ್ದರೆ, ಮೂಗಿನ ತುದಿಗೆ ಅಥವಾ ಕಣ್ಣಿನ ಬಳಿ ಬಂದರೆ, ಇಲ್ಲವೇ ತೀವ್ರ ಹೊಟ್ಟೆನೋವು, ಉಸಿರಾಟದ ತೊಂದರೆ ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಕಸಿಯಾದ ನನ್ನ ತಮ್ಮನಿಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿದೆ. ಇಬಿವಿ ಪಿಸಿಆರ್ ಪಾಸಿಟಿವ್ ಇದೆ. ಒಬ್ಬರು ಕ್ಷಯದ ಔಷಧ ಶುರು ಮಾಡೋಣ ಎನ್ನುತ್ತಾರೆ. ಏನು ಮಾಡಲಿ?
— ಚಿತ್ತಾಪುರ

ಉತ್ತರ: ಎರಡು ಅನುಮಾನಗಳೂ ನ್ಯಾಯವಾದವು, ಆದರೆ ಯಾವುದನ್ನೂ ಅಂದಾಜಿನ ಮೇಲೆ ನಡೆಸಬಾರದು. ಇಬಿವಿ, ಅಂದರೆ ಎಪ್‌ಸ್ಟೈನ್-ಬಾರ್ ವೈರಸ್, ಸಹ ಹರ್ಪಿಸ್ ಕುಟುಂಬದ ವೈರಸ್ಸೇ. ಕಸಿಯಾದವರಲ್ಲಿ ಅದು ದುಗ್ಧಗ್ರಂಥಿಗಳಲ್ಲಿ ಜೀವಕೋಶಗಳನ್ನು ಅತಿಯಾಗಿ ಬೆಳೆಸಿ, ಕೆಲವೊಮ್ಮೆ ಕ್ಯಾನ್ಸರ್‌ಗೂ ದಾರಿ ಮಾಡುತ್ತದೆ. ರಕ್ತದ ಸಂಖ್ಯೆ ಎಚ್ಚರಿಕೆಯನ್ನಷ್ಟೇ ಕೊಡುತ್ತದೆ, ರೋಗವನ್ನು ಖಚಿತಪಡಿಸುವುದು ಗಂಟಿನ ಬಯಾಪ್ಸಿ. ಕ್ಷಯದ ಔಷಧಗಳಲ್ಲಿನ ರಿಫಾಂಪಿಸಿನ್ ಟ್ಯಾಕ್ರೊಲಿಮಸ್ ಮಟ್ಟವನ್ನು ತೀರ ಕೆಳಕ್ಕೆ ಇಳಿಸುವುದರಿಂದ, ರೋಗ ಖಚಿತವಾಗದೆ ಅದನ್ನು ಶುರು ಮಾಡುವುದೆಂದರೆ ನಿಮ್ಮ ತಮ್ಮನ ಕಿಡ್ನಿಯನ್ನು ಸುಮ್ಮನೆ ಅಪಾಯಕ್ಕೆ ಒಡ್ಡಿದಂತೆ. ಸೂಜಿಯಿಂದ ನೀರು ಎಳೆದು ನೋಡುವುದಕ್ಕಿಂತ, ಸಾಧ್ಯವಿದ್ದರೆ ಗಂಟನ್ನೇ ಪೂರ್ತಿ ತೆಗೆಸಿರಿ. ತೆಗೆಯುವ ದಿನ ಶಸ್ತ್ರವೈದ್ಯರಿಗೆ ಮೊದಲೇ ಹೇಳಿ ಎರಡು ಬಾಟಲಿ ಇರಿಸಿಕೊಳ್ಳಲಿ: ಒಂದರಲ್ಲಿ ಫಾರ್ಮಲಿನ್, ಅದು ಪೆಥಾಲಜಿಗೆ; ಇನ್ನೊಂದರಲ್ಲಿ ಬರೀ ಸಲೈನ್, ಅದು ಕ್ಷಯದ ಕಲ್ಚರ್‌ಗೆ. ಇಡೀ ಗಂಟನ್ನು ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಅದರಲ್ಲಿರುವ ಕ್ಷಯದ ರೋಗಾಣು ಸತ್ತುಹೋಗಿ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ.